ಹಡಗು ಬಂದರೂ ಸೇತುವೆಗೆ ಗೊತ್ತಾಗುವುದಿಲ್ಲ

ನಮಸ್ಕಾರ ಕೇಳುಗರೆ.

ಜರ್ಮನಿಯ ಮಾಗ್ಡೆಬರ್ಗ್ ಊರಿನ ಹತ್ತಿರ ಎಲ್ಬೆ ನದಿಗೆ ಅಡ್ಡಲಾಗಿ ಒಂದು ಸೇತುವೆ ಇದೆ. ಅದರ ಮೇಲೆ ಬಸ್ಸಿಲ್ಲ, ರೈಲಿಲ್ಲ. ನೀರಿದೆ. ಕೆಳಗೆ ನದಿ, ಮೇಲೆ ಕಾಲುವೆ. ಆ ಮೇಲಿನ ಕಾಲುವೆಯಲ್ಲಿ ಸರಕು ತುಂಬಿದ ಹಡಗುಗಳು ನದಿ ದಾಟುತ್ತವೆ. 1930ರ ದಶಕದಲ್ಲೇ ಕೆಲಸ ಹಿಡಿದಿದ್ದರು, ಯುದ್ಧ ಬಂತು, ನಿಂತುಹೋಯಿತು. ಕೊನೆಗೆ ಹಡಗು ಓಡಿದ್ದು 2003ರಲ್ಲಿ. ಉದ್ದ 918 ಮೀಟರ್, ಅಂದರೆ ಒಂದು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ.

ಈಗ ಒಂದು ಪ್ರಶ್ನೆ. 1350 ಟನ್ ತೂಕದ ಹಡಗೊಂದು ಈ ಸೇತುವೆ ಮೇಲೆ ಬಂತು ಅನ್ನಿ. ಸೇತುವೆ ಹೊರುವ ಭಾರ ಎಷ್ಟು ಜಾಸ್ತಿ ಆಯಿತು?

ಏನೂ ಇಲ್ಲ. ಸೊನ್ನೆ.

ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಇದನ್ನೇ ಕೇಳಿದಾಗ ನಾನು ಎದ್ದು ನಿಂತು "1350 ಟನ್ ಸಾರ್" ಅಂದಿದ್ದೆ. ಕಾರಣ ಪುಸ್ತಕದಲ್ಲಿತ್ತು, ತಲೆಗೆ ಹೋಗಿರಲಿಲ್ಲ. ಅದು ನಿಜವಾಗಿ ಹೋದದ್ದು ಮೊನ್ನೆ ಮೊನ್ನೆ, ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ.

ಕೇಕ್ ಮಾಡಲೆಂದು ತಂದಿಟ್ಟಿದ್ದ ತೂಕದ ಮಷೀನಿನ ಮೇಲೆ ಒಂದು ಪಾತ್ರೆ ಇಟ್ಟೆ. ಅಂಚಿನವರೆಗೂ ನೀರು ತುಂಬಿದೆ. 2140 ಗ್ರಾಂ ತೋರಿಸಿತು. ಒಂದು ಸ್ಟೀಲ್ ಬಟ್ಟಲಿಗೆ ಅಕ್ಕಿ ಹಾಕಿದೆ. ಎರಡೂ ಸೇರಿ 180 ಗ್ರಾಂ. ಅದೇ ನನ್ನ ಹಡಗು. ಮೆಲ್ಲಗೆ ತೇಲಿಬಿಟ್ಟೆ. ನೀರು ತುಳುಕಿತು. ಮಷೀನು ನೋಡಿದರೆ 2320! 180 ಗ್ರಾಂ ಪೂರ್ತಿ ಜಾಸ್ತಿ. ಮೇಷ್ಟ್ರು ಸುಳ್ಳು ಹೇಳಿದರಾ ಅಂದುಕೊಂಡೆ. ಆಮೇಲೆ ನೋಡಿದರೆ ಚೆಲ್ಲಿದ ನೀರೆಲ್ಲ ಮಷೀನಿನ ತಟ್ಟೆ ಮೇಲೇ ನಿಂತಿತ್ತು. ಒರೆಸಿದೆ. 2143ಕ್ಕೆ ಇಳಿಯಿತು. ಆ ಮೂರು ಗ್ರಾಂ ಎಲ್ಲಿಯದು ಅಂದರೆ, ನೀರು ಅಂಚಿನ ಮೇಲೆ ಸ್ವಲ್ಪ ಉಬ್ಬಿ ನಿಲ್ಲುತ್ತದಲ್ಲ, ಅದು. ಮಷೀನು ಒದ್ದೆ ಮಾಡಿದ್ದಕ್ಕೆ ಬೈಸಿಕೊಂಡದ್ದು ಬೇರೆ ಮಾತು.

ಇಡೀ ವಿಷಯ ಆ ಒರೆಸುವ ಬಟ್ಟೆಯಲ್ಲಿದೆ ನೋಡಿ. ತೇಲುವ ವಸ್ತು ತನ್ನಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆರ್ಕಿಮಿಡೀಸ್ ಹೇಳಿದ್ದು ಅದೇ. ಸರಿದ ನೀರು ಅಲ್ಲೇ ಉಳಿದರೆ ಭಾರ ಜಾಸ್ತಿ. ಆಚೆ ಹೋದರೆ ಮೊದಲಿನಷ್ಟೇ. ಮುಚ್ಚಿದ ತೊಟ್ಟಿಯಲ್ಲಿ ಹಡಗು ಇಳಿಸಿದರೆ ನಾನು ಹೇಳಿದ 1350 ಟನ್ನೇ ಸರಿ. ಆದರೆ ನೀರಿನ ಸೇತುವೆಗೆ ಎರಡೂ ತುದಿ ತೆರೆದಿರುತ್ತದೆ. ಆಚೆ ಈಚೆ ಉದ್ದದ ಕಾಲುವೆ. ಹಡಗು ಒಳಗೆ ಬರುತ್ತಿದ್ದಂತೆ ಅಷ್ಟು ತೂಕದ ನೀರು ಕಾಲುವೆಗೆ ಜಾರುತ್ತದೆ.

ಹಾಗಾದರೆ ಕಾಲುವೆ ತುಂಬಿ ಏರುವುದಿಲ್ವಾ? ಏರಬೇಕಾದದ್ದು ಹಡಗು ಆ ಕಾಲುವೆಗೆ ಇಳಿದಾಗಲೇ ಏರಿ ಆಗಿರುತ್ತದೆ. ಅದೂ ಎಷ್ಟು? ಸುಮ್ನೆ ಲೆಕ್ಕ ಹಾಕೋಣ. 50 ಕಿಲೋಮೀಟರ್ ಉದ್ದ, 40 ಮೀಟರ್ ಅಗಲದ ಕಾಲುವೆ ಅನ್ನಿ. 1350 ಟನ್ ಹಡಗು ಇಳಿದರೆ ನೀರು ಏರುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಕಣ್ಣಿಗೆ ಕಾಣುವುದೇ ಇಲ್ಲ.

ಇನ್ನೂ ಒಂದು ಅನುಮಾನ ಬರುತ್ತದೆ. ಒಟ್ಟು ಭಾರ ಅಷ್ಟೇ ಇರಲಿ, ಹಡಗಿನ ನೇರ ಕೆಳಗೆ ಒತ್ತಡ ಜಾಸ್ತಿ ಅಲ್ವಾ? ಅಲ್ಲ. ತಳದ ಮೇಲಿನ ಒತ್ತಡ ನೋಡುವುದು ನೀರಿನ ಆಳವನ್ನು ಮಾತ್ರ. ಮಾಗ್ಡೆಬರ್ಗಿನಲ್ಲಿ ಆಳ ನಾಲ್ಕೂಕಾಲು ಮೀಟರ್. ಹಾಗಾಗಿ ಒಂದೊಂದು ಚದರ ಮೀಟರಿನ ಮೇಲೂ ನಾಲ್ಕೂಕಾಲು ಟನ್. ಕೇರಂ ಬೋರ್ಡಿಗಿಂತ ಸ್ವಲ್ಪ ದೊಡ್ಡ ಜಾಗದ ಮೇಲೆ ಆರೇಳು ಹಳೇ ಮಾರುತಿ 800 ಕಾರುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ನೀರಿನ ಅಗಲ 34 ಮೀಟರ್. ಗುಣಿಸಿ ನೋಡಿದರೆ ಸೇತುವೆ ಹೊತ್ತಿರುವ ನೀರು ಸುಮಾರು 1,32,000 ಟನ್. ಹಡಗು ಇರಲಿ, ಬಿಡಲಿ. ಹಗಲೂ ರಾತ್ರಿ.

ರಸ್ತೆಯ ಸೇತುವೆಗೆ ರಾತ್ರಿಯಾದರೆ ಬಿಡುವು. ಲಾರಿ ಬಂದಾಗ ಬಾಗುತ್ತದೆ, ಹೋದಾಗ ಏಳುತ್ತದೆ. ಇದಕ್ಕೆ ಆ ಭಾಗ್ಯ ಇಲ್ಲ. ಮೊದಲ ದಿನದಿಂದಲೇ ಪೂರ್ತಿ ಹೊರೆ. ಆದರೆ ಇಂಜಿನಿಯರಿಗೆ ಒಂದು ನೆಮ್ಮದಿ, ದೊಡ್ಡ ಹಡಗು ಬಂದರೆ ಏನು ಗತಿ ಅನ್ನುವ ಚಿಂತೆ ಇಲ್ಲ. ತೇಲುತ್ತಿದ್ದರೆ ಸಾಕು. ಮುಳುಗಿ ತಳ ಕೂತರೆ ಮಾತ್ರ ಲೆಕ್ಕ ಬದಲು. ಆಗ ಅದು ತನ್ನ ತೂಕದಷ್ಟು ನೀರು ಸರಿಸಿರುವುದಿಲ್ಲ, ಉಳಿದದ್ದು ಸೇತುವೆ ತಲೆ ಮೇಲೆ.

ದೋಣಿಗಳನ್ನು ಒಂದು ಕಾಲುವೆಯಿಂದ ಇನ್ನೊಂದಕ್ಕೆ ಎತ್ತಿ ಇಳಿಸುವ ಸ್ಕಾಟ್ಲೆಂಡಿನ ಫಾಲ್ಕರ್ಕ್ ಚಕ್ರ ಇದೇ ಉಪಾಯದ ಮೇಲೆ ತಿರುಗುತ್ತದೆ. ಜಾಯಿಂಟ್ ವ್ಹೀಲ್ ಥರ ಎರಡು ತೊಟ್ಟಿ, ಒಂದು ಮೇಲಿನ ಕಾಲುವೆಗೆ, ಒಂದು ಕೆಳಗಿನದಕ್ಕೆ. ಒಂದರಲ್ಲಿ ದೋಣಿ ತುಂಬಿರಲಿ, ಇನ್ನೊಂದರಲ್ಲಿ ಬರೀ ನೀರಿರಲಿ, ನೀರಿನ ಮಟ್ಟ ಸಮ ಇದ್ದರೆ ತೂಕವೂ ಸಮ. ಅದಕ್ಕೇ ಅರ್ಧ ಸುತ್ತಿಗೆ ಒಂದೂವರೆ ಯೂನಿಟ್ ಕರೆಂಟ್ ಸಾಕು. ನಮ್ಮ ಮನೆಯ ಗೀಸರ್ ಮುಕ್ಕಾಲು ಗಂಟೆ ಉರಿದರೆ ಅಷ್ಟಾಗುತ್ತದೆ.

ಹಂಪಿಯ ಕಲ್ಲಿನ ಮೇಲ್ಗಾಲುವೆ ನೋಡಿದವರಿಗೆ ನೀರನ್ನು ಕಂಬದ ಮೇಲೆ ಹೊರಿಸುವುದು ಹೊಸದಲ್ಲ. ಆದರೆ ಅಲ್ಲಿ ದೋಣಿ ಇಲ್ಲ. ದೋಣಿ ಓಡುವ ಹಳೆಯ ಸೇತುವೆ ಬೇಕೆಂದರೆ ವೇಲ್ಸ್‌ಗೆ ಹೋಗಬೇಕು. ಹೆಸರು ಪಾಂಟ್‌ಕಸಳ್ತೆ, ನಾಲಿಗೆ ತೊಡರುತ್ತದೆ. ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿದ್ದು, 1805ರಲ್ಲಿ ಮುಗಿಯಿತು. ಕಲ್ಲಿನ ಕಂಬಗಳ ಮೇಲೆ ಎರಕದ ಕಬ್ಬಿಣದ ತೊಟ್ಟಿ. ಕೆಳಗೆ 38 ಮೀಟರ್ ಆಳದಲ್ಲಿ ಡೀ ನದಿ. ತೊಟ್ಟಿ ಬಲು ಕಿರಿದು. ದೋಣಿ ಮುಂದೆ ಹೋಗಬೇಕಾದರೆ ನೀರು ಪಕ್ಕದಲ್ಲಿ ನುಸುಳಿ ಹಿಂದೆ ಬರಬೇಕಲ್ಲ, ಅದಕ್ಕೆ ಜಾಗ ಬೇಕು. ಅದಕ್ಕಾಗಿ ಕುದುರೆ ನಡೆಯುವ ದಾರಿಯನ್ನು ತೊಟ್ಟಿಯ ನೀರಿನ ಮೇಲೇ ಕಟ್ಟಿದರು. ಮೇಲೆ ಕುದುರೆ ದೋಣಿ ಎಳೆಯುತ್ತಿತ್ತು, ಅದರ ಕಾಲಡಿಯಲ್ಲಿ ನೀರು ಹಿಂದಕ್ಕೆ ಸರಿಯುತ್ತಿತ್ತು.

ಆ ಸೇತುವೆಯ ಭಾರ ನಿಜವಾಗಿ ಇಳಿಯುವುದು ಕೆಲವು ವರ್ಷಗಳಿಗೊಮ್ಮೆ. ರಿಪೇರಿಗೆಂದು ಎರಡೂ ತುದಿ ಮುಚ್ಚುತ್ತಾರೆ. ನಡುವೆ ತಳದಲ್ಲಿ ಒಂದು ಬಿರಡೆ ಇದೆ, ನಮ್ಮ ಸ್ನಾನದ ತೊಟ್ಟಿಗಿರುವ ಹಾಗೆ. ಅದನ್ನು ಎಳೆಯುತ್ತಾರೆ. ಸುಮಾರು 1500 ಟನ್ ನೀರು ಧೋ ಎಂದು ನದಿಗೆ ಬೀಳುತ್ತದೆ.