ಕತ್ತು ಹಿಡ್ಕೊಂಡಿದ್ಯಾ, ನರ ಒತ್ತಿದ್ಯಾ? ತಿಕ್ಕೋಕೆ ಮುಂಚೆ ನೋಡಿ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಎದ್ದಾಗ ಕತ್ತು ಒಂದು ಕಡೆ ತಿರುಗ್ತಾನೇ ಇಲ್ಲ ಅಂದ್ರೆ ಮನೇಲಿ ಮೊದಲು ಕೇಳಿಸೋ ಮಾತು, ‘ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕು’. ಸ್ವಲ್ಪ ತಡೀರಿ. ಹಿಡ್ಕೊಂಡಿರೋದು ಸ್ನಾಯುನಾ, ಒತ್ತಿರೋದು ನರಾನಾ ಅಂತ ಮೊದಲು ಗೊತ್ತಾಗ್ಬೇಕು. ಸ್ನಾಯುಗೆ ಹಿತ ಕೊಡೋ ಎಳೆತಾನೇ ನರಾನ ಕೆರಳಿಸುತ್ತೆ.

ಸ್ನಾಯು ಆದ್ರೆ ನೋವು ಕತ್ತು, ಹೆಗಲಲ್ಲೇ ನಿಲ್ಲುತ್ತೆ. ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದು. ಸ್ಕ್ರೀನ್ ಮೇಲೆ ಈ ಜಾಗ ನೋಡಿ, ಬೆನ್ನಿನ ರೆಕ್ಕೆಮೂಳೆಯ ಮೇಲಿನ ಒಳಮೂಲೆ. ಕತ್ತಿನ ಮೊದಲ 4 ಮೂಳೆಗಳಿಂದ ಇಳಿದು ಬರೋ ಲೆವೇಟರ್ ಸ್ಕ್ಯಾಪುಲೆ ಅನ್ನೋ ಸ್ನಾಯು ಸೇರ್ಕೊಳ್ಳೋದು ಇಲ್ಲೇ. ಕತ್ತು ಹಿಡ್ಕೊಂಡವರಿಗೆ ಇಲ್ಲಿ ಒತ್ತಿದ್ರೆ ಗಂಟು ಸಿಕ್ಕಿದ ಹಾಗಾಗಿ, ‘ಹಾ, ಅಲ್ಲೇ’ ಅಂತ ಬಾಯಿಂದ ಬರುತ್ತೆ.

ನರದ ನೋವು ಅಲ್ಲಿ ನಿಲ್ಲಲ್ಲ, ತೋಳಿಗೆ ಇಳಿಯುತ್ತೆ. ಕರೆಂಟ್ ಹೊಡೆದ ಹಾಗೆ ಚುಳುಕು, ಬೆರಳಲ್ಲಿ ಜೋಮು. ಯಾವ ಬೆರಳು ಅಂತ ಗಮನಿಸಿ, ಡಾಕ್ಟರ್ ಕೇಳೇ ಕೇಳ್ತಾರೆ. ಹೆಬ್ಬೆರಳು, ತೋರುಬೆರಳು ಆದ್ರೆ ಸಾಮಾನ್ಯವಾಗಿ ಸಿ6 ನರ, ಅಂದ್ರೆ ಕತ್ತಿನಿಂದ ಹೊರಡೋ ನರಗಳಲ್ಲಿ ಮೇಲಿಂದ ಆರನೇದು. ಮಧ್ಯದ ಬೆರಳು ಸಿ7, ಕಿರುಬೆರಳು ಸಿ8. ಹೆಚ್ಚಾಗಿ ಸಿಕ್ಕಿಕೊಳ್ಳೋದು ಸಿ7. ಇನ್ನೊಂದು ಸುಳಿವು, ಆ ಕೈಯನ್ನ ಎತ್ತಿ ತಲೆ ಮೇಲೆ ಇಟ್ಕೊಂಡ್ರೆ ನೋವು ಇಳಿಯುತ್ತೆ, ಯಾಕಂದ್ರೆ ನರದ ಬುಡದಲ್ಲಿ ಬಿಗಿ ಸಡಿಲ ಆಗುತ್ತೆ. ಆದ್ರೆ ರಾತ್ರಿ ಮಾತ್ರ ಬೆರಳು ಜೋಮು ಹಿಡಿದು, ಕೈ ಕೊಡವಿದ್ರೆ ಸರಿಹೋಗುತ್ತೆ ಅಂದ್ರೆ ತೊಂದರೆ ಕತ್ತಲ್ಲಿ ಅಲ್ಲ, ಮಣಿಕಟ್ಟಲ್ಲಿ ಇರಬಹುದು.

ಮೊದಲು ಸ್ನಾಯು ಹಿಡಿತ ನೋಡೋಣ. ಇದಕ್ಕೆ ಶಾಖ ಚೆನ್ನಾಗಿ ಕೆಲಸ ಮಾಡುತ್ತೆ, ನಮ್ಮ ಅಜ್ಜಿಯಂದಿರ ಉಪ್ಪಿನ ಶಾಖ ಸಾಕು. ಎರಡು ಲೋಟ ಕಲ್ಲುಪ್ಪನ್ನ ಬಾಣಲೇಲಿ ಹುರಿದು, ದಪ್ಪ ಹತ್ತಿ ಬಟ್ಟೇಲಿ ಗಂಟು ಕಟ್ಟಿ. ಮೊದಲು ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಿ, ಅಲ್ಲಿ ಚುರ್ ಅಂದ್ರೆ ಆರೋಕೆ ಬಿಡಿ. 15 ನಿಮಿಷ, ದಿನಕ್ಕೆ ಮೂರು ಸಲ. ಜೋಮು ಹಿಡಿದಿರೋ ಜಾಗಕ್ಕೆ ಮಾತ್ರ ಶಾಖ ಬೇಡ. ಸುಡ್ತಿರೋದು ಗೊತ್ತಾಗದೆ ಬೊಬ್ಬೆ ಏಳುತ್ತೆ, ಸಕ್ಕರೆ ಕಾಯಿಲೆ ಇರೋರು ಇನ್ನೂ ಹುಷಾರಾಗಿರಿ.

ಶಾಖ ಆದ ತಕ್ಷಣ, ಸ್ನಾಯು ಮೆತ್ತಗಿರುವಾಗಲೇ ಕತ್ತನ್ನ ಆಡಿಸಿ. ಎಡಕ್ಕೆ, ಬಲಕ್ಕೆ, ನೋವು ಶುರುವಾಗೋ ಜಾಗದವರೆಗೆ ಮಾತ್ರ, ಐದೈದು ಸಲ. ಗಿರಗಿರ ಅಂತ ಪೂರ್ತಿ ಸುತ್ತಬೇಡಿ. ಎರಡನೇ ದಿನ ಬಿಗಿ ಸ್ವಲ್ಪ ಇಳಿದ ಮೇಲೆ ಸ್ಟ್ರೆಚ್. ಬಲಗಡೆ ಹಿಡ್ಕೊಂಡಿದ್ರೆ, ಬಲಗೈಲಿ ಕುರ್ಚಿಯ ಅಂಚು ಹಿಡ್ಕೊಂಡು ಕೂತ್ಕೊಳ್ಳಿ. ಮುಖಾನ ಎಡಕ್ಕೆ 45 ಡಿಗ್ರಿ ತಿರುಗಿಸಿ, ಎಡ ಕಂಕುಳನ್ನ ನೋಡೋ ಹಾಗೆ ತಲೆ ಬಗ್ಗಿಸಿ. ಎಡಗೈ ತಲೆ ಮೇಲೆ ಸುಮ್ಮನೆ ಕೂತಿರಲಿ, ಜಗ್ಗಬೇಡಿ. 20 ಸೆಕೆಂಡ್, ಮೂರು ಸಲ. ಎಷ್ಟೋ ಜನ ಇಲ್ಲಿ ಬಲಗೈ ಬಿಟ್ಬಿಡ್ತಾರೆ. ಆಗ ಹೆಗಲು ಮೇಲಕ್ಕೆ ಬಂದು ಎಳೆತಾನೇ ಸಿಗಲ್ಲ.

ಆದ್ರೆ ತೋಳಿಗೆ ನೋವು ಇಳೀತಿದ್ರೆ ಈ ಸ್ಟ್ರೆಚ್ ಬಿಟ್ಬಿಡಿ. ನರದವರು ಮಾಡಬೇಕಾದ್ದು ಚಿನ್ ಟಕ್. ಬೆನ್ನು ನೆಟ್ಟಗಿಟ್ಟು, ದೃಷ್ಟಿ ಎದುರಿಗೆ, ಗದ್ದಾನ ಸೀದಾ ಹಿಂದಕ್ಕೆ ಸರಿಸಿ. ತಲೆ ಬಗ್ಗಬಾರದು, ಮುಖ ಮೇಲೂ ಎತ್ತಬಾರದು. 5 ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ. ಮಾಡುವಾಗ ಕೈನೋವು ಎಲ್ಲಿದೆ ಅಂತ ಗಮನಿಸಿ. ಬೆರಳಿಂದ ಮೊಣಕೈಗೆ, ಮೊಣಕೈಯಿಂದ ಹೆಗಲಿಗೆ ನೋವು ಮೇಲೆ ಸರೀತಿದ್ರೆ, ಕತ್ತಲ್ಲಿ ಸ್ವಲ್ಪ ಜಾಸ್ತಿ ಅನ್ಸಿದ್ರೂ ದಾರಿ ಸರಿಯಾಗಿದೆ. ಕೆಳಗೆ ಇಳೀತಿದ್ರೆ ಅಲ್ಲಿಗೇ ನಿಲ್ಲಿಸಿ.

ರಾತ್ರಿ ಬೋರಲು ಮಲಗಬೇಡಿ, ಕತ್ತು ಗಂಟೆಗಟ್ಟಲೆ ತಿರುಚಿಕೊಂಡೇ ಇರುತ್ತೆ. ಅಂಗಾತ ಮಲಗೋರಿಗೆ ತೆಳ್ಳಗಿನ ದಿಂಬು, ನೋವಿರೋ ಕೈ ಕೆಳಗೆ ಇನ್ನೊಂದು ದಿಂಬು. ಮಗ್ಗುಲಾಗಿ ಮಲಗೋರಿಗೆ ಕಿವಿಗೂ ಹಾಸಿಗೆಗೂ ನಡುವಿನ ಜಾಗ ತುಂಬೋವಷ್ಟು ಎತ್ತರ ಬೇಕು. ಕಾಲರ್ ಬೆಲ್ಟ್ ಡಾಕ್ಟರ್ ಹೇಳಿದ್ರೆ ಮಾತ್ರ, ಅದೂ ಕೆಲವು ದಿನ. ವಾರಗಟ್ಟಲೆ ಹಾಕಿದ್ರೆ ಸ್ನಾಯು ಸೊರಗುತ್ತೆ. ಸ್ನಾಯು ಸಡಿಲಿಸೋ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ, ಅದನ್ನ ತಗೊಂಡು ಗಾಡಿ ಓಡಿಸಬೇಡಿ. ಮಾತ್ರೆ ತಗೊಳ್ದೇ ಇದ್ರೂ, ಕತ್ತು ಪೂರ್ತಿ ತಿರುಗದೆ ಹಿಂದೆ ಬರೋ ವಾಹನ ಕಾಣಲ್ಲ ಅನ್ನೋದು ನೆನಪಿರಲಿ.

ಇನ್ನು ಕಟಿಂಗ್ ಶಾಪಲ್ಲಿ ಕತ್ತನ್ನ ಲಟಕ್ ಅಂತ ತಿರುಗಿಸೋದು. ದಯವಿಟ್ಟು ಬೇಡ. ಕತ್ತಿನ ಮೂಳೆಗಳ ಮಧ್ಯೆಯೇ ಮಿದುಳಿಗೆ ರಕ್ತ ಒಯ್ಯೋ ನಾಳಗಳು ಹೋಗ್ತವೆ. ಹಠಾತ್ ತಿರುಚಿದಾಗ ಅದರ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಅಪರೂಪ ನಿಜ, ಆದ್ರೆ ಆದವರಿಗೆ ಅದು ಇಡೀ ಜೀವನದ ಪ್ರಶ್ನೆ.

ಎಷ್ಟು ದಿನ ಕಾಯಬಹುದು? ಸ್ನಾಯು ಹಿಡಿತ ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಬಿಡುತ್ತೆ. ನರ ಒತ್ತಿದ್ದು ಬಹಳಷ್ಟು ಜನರಿಗೆ 6ರಿಂದ 12 ವಾರದಲ್ಲಿ ಆಪರೇಷನ್ ಇಲ್ಲದೆ ಇಳಿಯುತ್ತೆ. ಮೊದಲ ದಿನವೇ ಎಂಆರ್‌ಐಗೆ ಓಡೋದು ಬೇಕಿಲ್ಲ, ನೋವೇ ಇಲ್ಲದವರ ಸ್ಕ್ಯಾನಲ್ಲೂ ಡಿಸ್ಕ್, ಅಂದ್ರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬಿರೋದು ಕಾಣುತ್ತೆ.

ಕಾಯಬಾರದ ಸಂದರ್ಭ ಇವು. ಕೈ ಬಲ ದಿನದಿನಕ್ಕೆ ಕಮ್ಮಿ ಆಗ್ತಿದೆ, ಶರ್ಟಿನ ಗುಂಡಿ ಹಾಕೋಕೆ ಬೆರಳು ತಡವರಿಸ್ತಿದೆ, ನಡೆಯುವಾಗ ಕಾಲು ತೂರಾಡ್ತಿದೆ, ಮೂತ್ರ ಹಿಡಿತಕ್ಕೆ ಸಿಗ್ತಿಲ್ಲ ಅಂದ್ರೆ ಬೆನ್ನುಹುರಿಯೇ ಒತ್ತಿರಬಹುದು. ಬಿದ್ದ ಮೇಲೆ, ಆಕ್ಸಿಡೆಂಟ್ ಆದ ಮೇಲೆ ಬಂದ ನೋವು, ಜ್ವರ ತಲೆನೋವಿನ ಜೊತೆ ಬಗ್ಗದ ಕತ್ತು, ಇವಕ್ಕೂ ನೇರ ಆಸ್ಪತ್ರೆ. ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು ಬಂದ್ರೆ ಕತ್ತಿನ ವಿಚಾರ ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ.