ಮಣ್ಣೆತ್ತಿನ ಕಾಲು ಮತ್ತು ಗ್ರಹದಷ್ಟು ದೊಡ್ಡ ತೋಪು

ಎಲ್ಲರಿಗೂ ನಮಸ್ಕಾರ. ಧಾರವಾಡದ ಈ ಜಿಟಿಜಿಟಿ ಮಳೆಯಲ್ಲಿ, ಬಿಸಿ ಮಿರ್ಚಿ ಬಿಟ್ಟು ಇಷ್ಟು ಜನ ಬಂದಿದ್ದೀರಿ. ಖುಷಿಯಾಯಿತು.

ಮೇಜಿನ ಮೇಲೆ ಎರಡು ಮಣ್ಣೆತ್ತು ಇಟ್ಟಿದ್ದೇನೆ. ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜೆ ಮಾಡಿದ್ದಲ್ಲ, ಇವತ್ತು ಮಧ್ಯಾಹ್ನ ನಾನೇ ಕೂತು ಮಾಡಿದ್ದು. ಇನ್ನೂ ಹಸಿ ಇವೆ. ಒಂದು ಹೆಬ್ಬೆರಳುದ್ದ, ಇನ್ನೊಂದು ಗೇಣುದ್ದ. ಎರಡಕ್ಕೂ ಅದೇ ಎರೆಮಣ್ಣು, ಅದೇ ಆಕಾರ. ದೊಡ್ಡದರ ಮುಂಗಾಲಿನ ಮೇಲೆ ಒಂದು ಕಣ್ಣಿಟ್ಟಿರಿ.

ನಮ್ಮ ಪಕ್ಕದ ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಇದ್ದಾನೆ. ಏಲಿಯನ್‌ಗಳು ಗ್ರಹದಷ್ಟು ದೊಡ್ಡ ಸ್ಪೇಸ್ ಸ್ಟೇಷನ್ ಕಟ್ಟಿ, ಅದನ್ನೇ ಗುಂಡು ಹಾರಿಸುವ ತೋಪು ಮಾಡಿಕೊಂಡು ನಮ್ಮ ಮೇಲೆ ಬಂದರೆ ಏನು ಗತಿ ಅಂತ ಕೇಳಿದ. ಸುಮ್ನೆ ಹೋಗೋ ಅಂದೆ. ಆಮೇಲೆ ನನಗೇ ನಿದ್ದೆ ಬರಲಿಲ್ಲ, ಲೆಕ್ಕ ಹಾಕುತ್ತಾ ಕೂತೆ.

ಮೊದಲು ಸಾಮಾನು. ಗದಗ ಕಡೆಯಿಂದ ಹುಬ್ಬಳ್ಳಿಗೆ ಅದಿರು ಹೊತ್ತು ಬರುವ ಗೂಡ್ಸ್ ಗಾಡಿ ನೋಡಿದ್ದೀರಲ್ಲ, ಗೇಟಿನಲ್ಲಿ ಸಿಕ್ಕಿಹಾಕಿಕೊಂಡರೆ ಡಬ್ಬಿ ಎಣಿಸಿ ಎಣಿಸಿ ಸಾಕಾಗುತ್ತದೆ. ಒಂದು ಗಾಡಿಗೆ 4000 ಟನ್ ಅಂತ ಹಿಡಿಯಿರಿ. ಭೂಮಿಯಷ್ಟು ತೂಕದ ಸಾಮಾನು ಸಾಗಿಸಬೇಕು, ನಿಮಿಷಕ್ಕೊಂದು ಗಾಡಿ, ಭಾನುವಾರವೂ ರಜೆ ಇಲ್ಲ. ಎಷ್ಟು ದಿನ ಬೇಕು ಗೊತ್ತಾ? ವಿಶ್ವಕ್ಕೆ ಈಗ 1380 ಕೋಟಿ ವರ್ಷ ವಯಸ್ಸು. ಅದರ ಸುಮಾರು 200 ಪಟ್ಟು. ಸರಿ, ಅವರ ಹತ್ತಿರ ನಮಗಿಂತ ಚಲೋ ಗಾಡಿ ಇರಬಹುದು, ಬಿಡಿ.

ನನಗೆ ಜಾಸ್ತಿ ಮಜಾ ಕೊಟ್ಟಿದ್ದು ಕಟ್ಟುವ ಮಾತು. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್, 2023ರಲ್ಲಿ ಉದ್ಘಾಟನೆ ಆದಾಗ ಜಗತ್ತಿನಲ್ಲೇ ಉದ್ದದ್ದು ಅಂತ ನಾವೆಲ್ಲ ಎದೆಯುಬ್ಬಿಸಿದೆವು, ಆಮೇಲೆ ಬ್ಯಾಗು ಹೊತ್ತು ಆ ತುದಿಯ ಬೋಗಿಗೆ ಓಡುವಾಗ ಅದೇ ಉದ್ದಕ್ಕೆ ಬೈದೆವು. ಆ ಉದ್ದದ ಉಕ್ಕಿನ ಕಂಬ ನೆಟ್ಟಗೆ ನಿಲ್ಲಿಸಿ. ಅದರ ಮೇಲೆ ಅಷ್ಟೇ ಉದ್ದದ ಇನ್ನೊಂದು. ಒಟ್ಟು 3 ಕಿಲೋಮೀಟರ್. ಕಟ್ಟಡಕ್ಕೆ ಬಳಸುವ ಸಾಮಾನ್ಯ ಉಕ್ಕಾದರೆ ಕತೆ ಹೆಚ್ಚುಕಮ್ಮಿ ಅಲ್ಲಿಗೇ ಮುಗಿಯಿತು. ಇನ್ನೂ ಸ್ವಲ್ಪ ಏರಿಸಿದರೆ ಕಂಬದ ಬುಡ ತನ್ನ ತೂಕಕ್ಕೆ ತಾನೇ ಜಜ್ಜಿಹೋಗುತ್ತದೆ. ಭೂಮಿಯ ಮೇಲಿನಿಂದ ನಡುವಿಗೆ ಎಷ್ಟು ದೂರ? 6371 ಕಿಲೋಮೀಟರ್. ಆ ನಡುವಿನಲ್ಲಿ ನಮ್ಮ ಗಾಳಿಯ ಒತ್ತಡದ 36 ಲಕ್ಷ ಪಟ್ಟು ಒತ್ತಡ. ಅಲ್ಲಿ ಕೋಣೆ, ಬಾಗಿಲು, ಲಿಫ್ಟು, ಕಂಟ್ರೋಲ್ ರೂಮು ಯಾವುದೂ ಉಳಿಯುವುದಿಲ್ಲ.

ಈಗ ಎತ್ತಿಗೆ ಬನ್ನಿ. ದೊಡ್ಡದು ಚಿಕ್ಕದರ ನಾಲ್ಕು ಪಟ್ಟು ಉದ್ದ. ಅದರ ಕಾಲನ್ನು ಅಡ್ಡ ಕತ್ತರಿಸಿದರೆ ಕಾಣುವ ಹಾಸು 16 ಪಟ್ಟು. ಮೈ ತೂಕ ಮಾತ್ರ 64 ಪಟ್ಟು. ಹಾಗಾದರೆ ಕಾಲಿನ ಪ್ರತಿ ಚೂರಿಗೂ ನಾಲ್ಕು ಪಟ್ಟು ಹೊರೆ ಬಿತ್ತು. ಗೆಲಿಲಿಯೊ 1638ರಲ್ಲಿ ಇದನ್ನೇ ಪುಸ್ತಕದಲ್ಲಿ ಬರೆದ. ನಮ್ಮಜ್ಜಿ ಪುಸ್ತಕ ಓದಿದವಳಲ್ಲ, ಆದರೂ ದೊಡ್ಡೆತ್ತು ಮಾಡುವಾಗ ಕಾಲನ್ನು ಮೋಟು ಮಾಡಿ ಹೊಟ್ಟೆಗೆ ಅಂಟಿಸಿಬಿಡುತ್ತಿದ್ದಳು.

ಆಕಾಶದಲ್ಲೂ ಇದೇ ಆಗುತ್ತದೆ. ಇಲ್ಲಿ ಎತ್ತನ್ನು ಭೂಮಿ ಕೆಳಗೆ ಎಳೆಯುತ್ತದೆ, ಅಲ್ಲಿ ಆ ವಸ್ತು ತನ್ನನ್ನು ತಾನೇ ನಡುವಿಗೆ ಎಳೆದುಕೊಳ್ಳುತ್ತದೆ. ಶನಿಗೆ ಮೀಮಾಸ್ ಅಂತ ಒಂದು ಹಿಮದ ಚಂದ್ರ ಇದೆ. ಅಡ್ಡಳತೆ 396 ಕಿಲೋಮೀಟರ್, ಹೆಚ್ಚುಕಮ್ಮಿ ಹುಬ್ಬಳ್ಳಿಯಿಂದ ಬೆಂಗಳೂರಿನ ರಸ್ತೆಯಷ್ಟು. ಅಷ್ಟಕ್ಕೇ ಅದು ಉಂಡೆಯಾಗಿಬಿಟ್ಟಿದೆ. 1980ರಲ್ಲಿ ವಾಯೇಜರ್ 1 ನೌಕೆ ಅದರ ಫೋಟೋ ಕಳಿಸಿತು. ನೋಡಿದರೆ ಮೂರು ವರ್ಷ ಮೊದಲು ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಬಂದಿದ್ದ, ಗ್ರಹ ಒಡೆಯುವ ಗುಂಡನೆಯ ಸ್ಪೇಸ್ ಸ್ಟೇಷನ್ ಡೆತ್ ಸ್ಟಾರ್‌ನ ತದ್ರೂಪ! ಒಂದು ಕಡೆ ಬಟ್ಟಲಿನಂಥ ದೊಡ್ಡ ಕುಳಿ ಕೂಡ ಇದೆ. ಕಾಕತಾಳೀಯ ಅಷ್ಟೇ. ಗ್ರಹದಷ್ಟು ದೊಡ್ಡದನ್ನು ಗಟ್ಟಿಯಾಗಿ ಕಟ್ಟಲು ಹೋದರೆ ಕೊನೆಗೆ ಸಿಗುವುದು ಯಂತ್ರ ಅಲ್ಲ, ಇನ್ನೊಂದು ಗ್ರಹ. ಒಳಗೆಲ್ಲ ಪೊಳ್ಳು ಬಿಟ್ಟು ತೆಳ್ಳಗೆ ಕಟ್ಟಿದರೆ? ಆ ಸಿಪ್ಪೆಯನ್ನು ಎತ್ತಿ ಹಿಡಿಯಲು ಮತ್ತೆ ಕಂಬ ಬೇಕು, ಅಲ್ವಾ?

ಇನ್ನು ಗುಂಡು. ಭೂಮಿಯನ್ನು ಒಡೆದು ಚೂರುಗಳು ಮತ್ತೆ ಒಂದಾಗದಂತೆ ಚದುರಿಸಬೇಕಾದರೆ, ಸೂರ್ಯ ಎಲ್ಲ ದಿಕ್ಕಿಗೂ ಸುರಿಯುವ ಪೂರ್ತಿ ಶಕ್ತಿಯನ್ನು ಸುಮಾರು ಒಂದು ವಾರ ಹಿಡಿದಿಡಬೇಕು. ಸ್ಟೇಷನ್ ಭೂಮಿಯಷ್ಟೇ ದೊಡ್ಡದು, ಸೂರ್ಯನಿಂದ ನಮ್ಮಷ್ಟೇ ದೂರದಲ್ಲಿ ನಿಂತು, ತನ್ನ ಮೇಲೆ ಬೀಳುವ ಬಿಸಿಲಿನಿಂದಲೇ ಚಾರ್ಜ್ ಆಗಬೇಕು ಅಂದುಕೊಳ್ಳಿ. ಒಂದು ಗುಂಡಿಗೆ 4 ಕೋಟಿ ವರ್ಷಕ್ಕೂ ಜಾಸ್ತಿ ಬೇಕು. ನಮ್ಮ ಕರೆಂಟಿನ ಮೇಲೆ ಸುಮ್ನೆ ಸಿಟ್ಟಾಗುತ್ತೇವೆ.

ಆದರೆ ಒಂದು ಕಡೆ ಆ ಏಲಿಯನ್‌ಗಳನ್ನು ಮೆಚ್ಚಲೇಬೇಕು. ಬಂದೂಕು ಹಾರಿಸಿದರೆ ಭುಜಕ್ಕೆ ಒದೆಯುತ್ತದೆ, ಬೆಳಕು ಹಾರಿಸಿದರೂ ಒದೆಯುತ್ತದೆ. 2012ರಲ್ಲಿ ಅಮೆರಿಕದ ವಿದ್ಯಾರ್ಥಿಗಳು ಡೆತ್ ಸ್ಟಾರ್‌ಗೆ ಎಷ್ಟು ಉಕ್ಕು ಬೇಕು ಅಂತ ಲೆಕ್ಕ ಹಾಕಿದ್ದರು. ಅಷ್ಟು ತೂಕದ ಗೋಳದಿಂದ ಭೂಮಿ ಒಡೆಯುವಷ್ಟು ಶಕ್ತಿಯ ಬೆಳಕಿನ ಗುಂಡು ಹೊರಟರೆ ಗೋಳವೇ ಸೆಕೆಂಡಿಗೆ 700 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಹಿಂದಕ್ಕೆ ಹಾರುತ್ತದೆ. ಒಳಗಿದ್ದವರು ಚಟ್ನಿ. ಭೂಮಿಯಷ್ಟು ತೂಕ ಇದ್ದರೆ ಹಿಂದೆ ಸರಿಯುವುದು ಸೆಕೆಂಡಿಗೆ ಒಂದು ಗೇಣೂ ಇಲ್ಲ. ಗ್ರಹದಷ್ಟು ದೊಡ್ಡದು ಕಟ್ಟಲು ನನಗೆ ಸಿಕ್ಕ ಒಂದೇ ಒಂದು ಒಳ್ಳೆಯ ಕಾರಣ ಇದು.

ಅದೂ ವ್ಯರ್ಥವೇ, ಯಾಕೆಂದರೆ ಅಷ್ಟು ತೂಕ ಇದ್ದವನಿಗೆ ಗುಂಡೇ ಬೇಡ. ಕಾರವಾರದ ಕಡಲಲ್ಲಿ ಉಬ್ಬರ ಇಳಿತ ನೋಡಿದ್ದೀರಿ, ಅದರಲ್ಲಿ ಹೆಚ್ಚಿನ ಪಾಲು ಚಂದ್ರನ ಕೆಲಸ. ಭೂಮಿ ಚಂದ್ರನ 81 ಪಟ್ಟು ತೂಕ. ಭೂಮಿಯಷ್ಟೇ ತೂಕದ ಸ್ಟೇಷನ್ ಚಂದ್ರನಿರುವ ಜಾಗಕ್ಕೆ ಬಂದು ಸುಮ್ನೆ ನಿಂತರೂ ಸಮುದ್ರವನ್ನು 81 ಪಟ್ಟು ಜೋರಾಗಿ ಉಬ್ಬಿಸುತ್ತದೆ. ಅರ್ಧ ದೂರಕ್ಕೆ ಬಂದರೆ ಅದರ ಎಂಟು ಪಟ್ಟು. ನೀರು ಮಾತ್ರ ಅಲ್ಲ, ಕಾಲ ಕೆಳಗಿನ ಬಂಡೆಯೂ ಉಬ್ಬುತ್ತದೆ. ಹಾಗಂತ ನಾವೊಬ್ಬರೇ ಅನುಭವಿಸುವುದಿಲ್ಲ, ಅವರ ಸ್ಟೇಷನ್ನನ್ನು ಭೂಮಿಯೂ ಅಷ್ಟೇ ಜೋರಾಗಿ ಹಿಂಡುತ್ತದೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಹಾಗಾದರೆ ಬಂದೂಕು ಯಾಕೆ ಇಟ್ಟರು ಅಂಕಲ್, ಅಂದ. ಹೆದರಿಸೋಕೆ ಇರಬೇಕು ಅಂದೆ, ಒಪ್ಪಲಿಲ್ಲ.

ಅಯ್ಯೋ, ಅಲ್ಲಿ ನೋಡಿ, ಮುಂಗಾಲು ಹೋಯಿತು! ಮಾತಿನ ಭರದಲ್ಲಿ ನಾನೇ ನೋಡಲಿಲ್ಲ. ದೊಡ್ಡೆತ್ತು ಮೂತಿ ಊರಿ ಕೂತುಬಿಟ್ಟಿದೆ. ಚಿಕ್ಕದು ಇನ್ನೂ ನಿಂತಿದೆ. ಮುಂದಿನ ಸಾಲಿನ ಪುಟ್ಟಿ ಆಗಿನಿಂದ ಅದನ್ನೇ ನೋಡುತ್ತಿದ್ದಾಳೆ. ಬಾರಮ್ಮ, ತಗೊ. ಹಸಿ ಇದೆ, ಕೊಂಬು ಹಿಡಿಯಬೇಡ.