ನೆಹೆಮೀಯನ ಗೋಡೆಯೂ ಸೆನೆಟರ್ ಕಚೇರಿಯ ಫೋನೂ

ಮಾನ್ಯರೆ, ವಿದ್ಯಾರ್ಥಿ ಮಿತ್ರರೆ,

ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಗಡಿ ಸುಮಾರು 3,145 ಕಿಲೋಮೀಟರ್ ಉದ್ದ. ಅಲ್ಲಿನ ಬೇಲಿ, ಮರಳುಗಾಡು, ನದಿ ದಾಟುವ ಜನರ ಚಿತ್ರಗಳನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಇವತ್ತು ನಾನು ಮಾತಾಡುವುದು ಆ ಚಿತ್ರಗಳಲ್ಲಿ ಕಾಣದ ಜನರ ಬಗ್ಗೆ. ಒಕ್ಲಹೋಮ, ಟೆನೆಸಿ, ವರ್ಜೀನಿಯಾದಂಥ, ಆ ಗಡಿಗೆ ತಾಗಿಯೇ ಇರದ ರಾಜ್ಯಗಳಲ್ಲಿ ಭಾನುವಾರ ಆರಾಧನೆ ಮುಗಿಸಿ, ಸೋಮವಾರ ತಮ್ಮ ಸೆನೆಟರ್, ಅಂದರೆ ಸಂಸತ್ತಿನ ಮೇಲ್ಮನೆಯ ಸದಸ್ಯರ ಕಚೇರಿಗೆ ಫೋನು ಮಾಡಿ "ಈ ಮಸೂದೆಗೆ ಮತ ಹಾಕಬೇಡಿ" ಎನ್ನುವ ಚರ್ಚಿನ ಜನ. ಗಡಿಯ ಕಾನೂನು ಕಳೆದ 20 ವರ್ಷಗಳಲ್ಲಿ ಏನಾಯಿತು, ಏನಾಗಲಿಲ್ಲ ಎಂಬುದರಲ್ಲಿ ಇವರ ಪಾಲು ದೊಡ್ಡದು.

ಇವರಲ್ಲಿ ಹೆಚ್ಚಿನವರು ಇವ್ಯಾಂಜೆಲಿಕಲ್ ಪ್ರಾಟೆಸ್ಟೆಂಟರು, ಅಂದರೆ ಬೈಬಲ್ಲಿನ ಮಾತೇ ಕೊನೆಯ ಮಾತು ಎನ್ನುವ ಪ್ರಾಟೆಸ್ಟೆಂಟರು. ಸದರ್ನ್ ಬ್ಯಾಪ್ಟಿಸ್ಟರದು ಅವರಲ್ಲಿ ಅತಿ ದೊಡ್ಡ ಪಂಗಡ. ಸಂಪ್ರದಾಯನಿಷ್ಠ ಕ್ಯಾಥಲಿಕರೂ ಜೊತೆಗಿದ್ದಾರೆ. ಹೊರಗಿನಿಂದ ನೋಡುವವರು "ಯೇಸು ಪರದೇಶಿಗೆ ಆಶ್ರಯ ಕೊಡಿ ಎಂದ, ಇವರು ಗೋಡೆ ಕಟ್ಟಿ ಅನ್ನುತ್ತಾರೆ" ಎಂದು ಒಂದೇ ಏಟಿಗೆ ತೀರ್ಪು ಕೊಟ್ಟುಬಿಡುತ್ತಾರೆ. ಅಷ್ಟು ಸುಲಭವಲ್ಲ. ಮೊದಲು ಅವರ ವಾದವನ್ನು ಅವರು ಒಪ್ಪುವ ಹಾಗೆ ಹೇಳಿ, ಆಮೇಲೆ ನನ್ನ ಜಗಳ ತೆಗೆಯುತ್ತೇನೆ.

ವಾದದ ಅಡಿಗಲ್ಲು ಬೈಬಲ್ಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯ. ಅಧಿಕಾರಿ ದೇವರ ಸೇವಕ, ಅವನು ಸುಮ್ಮನೆ ಕತ್ತಿ ಹಿಡಿದಿಲ್ಲ ಎನ್ನುತ್ತಾನೆ ಪೌಲ. ಇಲ್ಲಿಂದ ಅವರು ಒಂದು ವಿಂಗಡಣೆ ಮಾಡುತ್ತಾರೆ. ಚರ್ಚಿನ ಕೆಲಸ ಬೇರೆ, ಸರ್ಕಾರದ ಕೆಲಸ ಬೇರೆ. ಹಸಿದವನಿಗೆ ಅನ್ನ, ಪರದೇಶಿಗೆ ಆಸರೆ ಕೊಡುವುದು ವಿಶ್ವಾಸಿಯ ಹೊಣೆ, ಸಭೆಯ ಹೊಣೆ. ಯಾರು ಒಳಬರಬೇಕು, ಯಾವ ಬಾಗಿಲಿನಿಂದ ಬರಬೇಕು ಎಂದು ನೋಡಿಕೊಳ್ಳುವುದು ಸರ್ಕಾರದ ಹೊಣೆ. ಯೇಸು ಹೇಳಿದ ಕಥೆಯಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನನ್ನು ಆರೈಕೆ ಮಾಡಿದ ಒಳ್ಳೆಯ ಸಮಾರ್ಯದವನು ಖರ್ಚು ಮಾಡಿದ್ದು ತನ್ನ ಜೇಬಿನ ಹಣ, ಊರಿನ ಖಜಾನೆಯದಲ್ಲ ಎಂದು ಅವರು ನೆನಪಿಸುತ್ತಾರೆ. ಬೈಬಲ್ಲಿನ ಯಾಜಕಕಾಂಡದ 19ರಲ್ಲಿ ಪರದೇಶಸ್ಥನನ್ನು ನಿನ್ನಂತೆಯೇ ಪ್ರೀತಿಸು ಎಂದಿರುವುದು ಅವರಿಗೂ ಗೊತ್ತು. ಅದರ ಪಕ್ಕದಲ್ಲೇ ಅರಣ್ಯಕಾಂಡದ 15ನ್ನು ಇಡುತ್ತಾರೆ: ನಿಮಗೂ ಪರದೇಶಸ್ಥನಿಗೂ ಒಂದೇ ನಿಯಮ. ಪ್ರೀತಿ ಪಡೆಯುವವನು ಕಾನೂನಿಗೂ ಒಳಪಟ್ಟವನು ಎಂಬುದು ತಾತ್ಪರ್ಯ.

ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಕಾವಲಿಲ್ಲದ ಗಡಿಯಿಂದ ಲಾಭ ಬಡವನಿಗಲ್ಲ, ತಲೆಗೆ ಸಾವಿರಾರು ಡಾಲರ್ ವಸೂಲಿ ಮಾಡಿ ಜನರನ್ನು ಸಾಗಿಸುವ ದಂಧೆಯವರಿಗೆ. ಹಾದಿಯಲ್ಲಿ ಹೆಂಗಸರು ಅತ್ಯಾಚಾರಕ್ಕೆ ತುತ್ತಾಗುತ್ತಾರೆ, ಬಿಸಿಲಲ್ಲಿ ಬಿದ್ದವರು ಅಲ್ಲೇ ಸಾಯುತ್ತಾರೆ. ಬಾಗಿಲು ಸಡಿಲ ಬಿಟ್ಟು ಅದನ್ನು ಕರುಣೆ ಎಂದು ಕರೆಯಬೇಡಿ ಎಂಬ ಅವರ ಮಾತಿಗೆ, ಎದುರು ಪಕ್ಷದವರಿಂದ ನೇರ ಉತ್ತರವನ್ನು ನಾನು ಕೇಳಿದ್ದು ಕಡಿಮೆ.

ಇನ್ನು ಗೋಡೆಯ ವಿಚಾರ. 2017ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಪ್ರಮಾಣವಚನ ಸ್ವೀಕರಿಸುವ ಮುನ್ನ, ವಾಷಿಂಗ್ಟನ್ನಿನ ಸೇಂಟ್ ಜಾನ್ಸ್ ಚರ್ಚಿನಲ್ಲಿ ಡಲ್ಲಾಸಿನ ಪಾಸ್ಟರ್ ರಾಬರ್ಟ್ ಜೆಫ್ರೆಸ್ ಪ್ರಸಂಗ ಮಾಡಿದರು. ಆರಿಸಿಕೊಂಡದ್ದು ಬೈಬಲ್ಲಿನಲ್ಲಿ ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯನ ಕಥೆ. ದೇವರು ಗೋಡೆ ಕಟ್ಟುವುದಕ್ಕೆ ವಿರೋಧಿಯಲ್ಲ ಎಂಬುದು ಸಾರ. ಇಲ್ಲಿ ನನ್ನ ತಕರಾರಿದೆ. ನೆಹೆಮೀಯ 52 ದಿನದಲ್ಲಿ ಕಟ್ಟಿ ಮುಗಿಸಿದ್ದು ಒಂದು ಊರಿನ ಕೋಟೆಗೋಡೆ, ದೇಶದ ಗಡಿಯಲ್ಲ. ಅದನ್ನೂ ಪರ್ಷಿಯಾದ ಚಕ್ರವರ್ತಿಯ ಅಪ್ಪಣೆ ಪಡೆದು ಕಟ್ಟಿದ. ಜೆಫ್ರೆಸ್ ಪಕ್ಷದವರಿಗೆ ಬೇಕಿದ್ದರೆ ಅದೇ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಇನ್ನೂ ಒಳ್ಳೆಯ ಸಾಕ್ಷ್ಯವಿದೆ: ನದಿಯಾಚೆಯ ಅಧಿಪತಿಗಳು ತನ್ನನ್ನು ಹಾದುಹೋಗಲು ಬಿಡಲೆಂದು ನೆಹೆಮೀಯ ಅರಸನಿಂದ ಪತ್ರಗಳನ್ನು ಕೇಳಿ ಪಡೆಯುತ್ತಾನೆ. ಕಾಗದಪತ್ರ ಸರಿಯಿಟ್ಟುಕೊಂಡು ಗಡಿ ದಾಟಿದವನು! ಆದರೆ ಐದನೆಯ ಅಧ್ಯಾಯವನ್ನೂ ಓದಬೇಕಾಗುತ್ತದೆ. ಗೋಡೆಯ ಕೆಲಸ ನಡೆಯುತ್ತಿರುವಾಗಲೇ ಬಡವರ ಹೊಲಮನೆ ಅಡವಿಟ್ಟುಕೊಂಡು ಬಡ್ಡಿ ತಿನ್ನುತ್ತಿದ್ದ ಶ್ರೀಮಂತರನ್ನು ನೆಹೆಮೀಯ ಸಭೆ ಕರೆದು ತರಾಟೆಗೆ ತೆಗೆದುಕೊಳ್ಳುತ್ತಾನೆ. ಗೋಡೆಯ ಪ್ರಸಂಗ ಮಾಡುವವರು ಈ ಅಧ್ಯಾಯವನ್ನು ದಾಟಿಕೊಂಡು ಹೋಗುವುದೇ ಹೆಚ್ಚು.

ರೋಮಾಪುರ 13ಕ್ಕೂ ಇಂಥದ್ದೇ ಪೇಚು ಬಂತು. 2018ರ ಜೂನ್ 14ರಂದು ಅಟಾರ್ನಿ ಜನರಲ್ ಜೆಫ್ ಸೆಷನ್ಸ್, ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಮಾತಾಡುತ್ತ ಆ ಅಧ್ಯಾಯವನ್ನು ಎತ್ತಿದರು. ಆಗ ಗಡಿಯಲ್ಲಿ ತಂದೆತಾಯಿಯರಿಂದ ಮಕ್ಕಳನ್ನು ಬೇರ್ಪಡಿಸಲಾಗುತ್ತಿತ್ತು. ಬಿಗಿ ಗಡಿ ಬೇಕೆನ್ನುವವರಲ್ಲೇ ಅನೇಕರಿಗೆ ಅದು ಸಹಿಸಲಿಲ್ಲ. ಟ್ರಂಪ್‌ರ ಆಪ್ತ ಬೆಂಬಲಿಗ, ಇವ್ಯಾಂಜೆಲಿಕಲ್ ಧರ್ಮಪ್ರಚಾರಕ ಫ್ರಾಂಕ್ಲಿನ್ ಗ್ರಹಾಂ ಕೂಡ ಇದು ನಾಚಿಕೆಗೇಡು ಎಂದರು. ಅದೇ ವಾರ ಡಲ್ಲಾಸಿನಲ್ಲಿ ಸೇರಿದ್ದ ಸದರ್ನ್ ಬ್ಯಾಪ್ಟಿಸ್ಟರ ವಾರ್ಷಿಕ ಸಭೆ ಗಡಿ ಭದ್ರವಾಗಲಿ, ಕುಟುಂಬಗಳು ಒಟ್ಟಿಗಿರಲಿ, ಈಗಾಗಲೇ ಒಳಗಿರುವವರಿಗೆ ಕಾನೂನಿನ ಒಂದು ದಾರಿ ಸಿಗಲಿ ಎಂದು ಮೂರನ್ನೂ ಸೇರಿಸಿ ಠರಾವು ಮಾಡಿತ್ತು. ಜೂನ್ 20ರಂದು ಟ್ರಂಪ್ ಆ ಕ್ರಮವನ್ನು ಆದೇಶ ಹೊರಡಿಸಿ ನಿಲ್ಲಿಸಿದರು.

ಆದ್ದರಿಂದ ಸಂಪ್ರದಾಯನಿಷ್ಠ ಕ್ರೈಸ್ತರ ನಿಲುವು ಒಂದೇ ಎನ್ನುವ ಹಾಗಿಲ್ಲ. 2025ರ ಜನವರಿಯಲ್ಲಿ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಪ್ರೀತಿಗೂ ಒಂದು ಕ್ರಮವಿದೆ, ಮೊದಲು ಮನೆಯವರು, ಆಮೇಲೆ ನೆರೆಯವರು, ಆಮೇಲೆ ದೇಶದವರು, ಆಮೇಲೆ ಜಗತ್ತು ಎಂದರು. ಅವರು ಕ್ಯಾಥಲಿಕರು. ಫೆಬ್ರುವರಿಯಲ್ಲಿ ಪೋಪ್ ಫ್ರಾನ್ಸಿಸ್ ಅಮೆರಿಕದ ಬಿಷಪ್ಪರಿಗೆ ಪತ್ರ ಬರೆದು, ಆ ಕ್ರಮವನ್ನು ಸಮಾರ್ಯದವನ ಕಥೆಯ ಬೆಳಕಿನಲ್ಲಿ ಧ್ಯಾನಿಸಿ ಎಂದು ಉತ್ತರ ಕೊಟ್ಟರು. ದೇವತಾಶಾಸ್ತ್ರದ ಜಗಳ ಹೀಗೆ ಜೋರಾಗಿಯೇ ಇದೆ. ಆದರೆ ಚರ್ಚಿನ ಬೆಂಚಿನ ಮೇಲೆ ಕುಳಿತವರ ಕಥೆ ಬೇರೆ. 2015ರಲ್ಲಿ ಲೈಫ್‌ವೇ ರಿಸರ್ಚ್ ಸಂಸ್ಥೆ ವಲಸೆಯ ಬಗ್ಗೆ ನಿಮ್ಮ ಅಭಿಪ್ರಾಯ ರೂಪಿಸಿದ್ದು ಮುಖ್ಯವಾಗಿ ಯಾವುದು ಎಂದು ಇವ್ಯಾಂಜೆಲಿಕಲರನ್ನೇ ಕೇಳಿತು. ಬೈಬಲ್ ಎಂದವರು ನೂರಕ್ಕೆ 12 ಮಾತ್ರ. ಲೈಫ್‌ವೇ ಸದರ್ನ್ ಬ್ಯಾಪ್ಟಿಸ್ಟರದೇ ಸಂಸ್ಥೆ ಎಂಬುದನ್ನು ಮರೆಯಬೇಡಿ.

ಈಗ ಫೋನಿಗೆ ಬರೋಣ. ನಮ್ಮಲ್ಲಿ ಸಂಸದರ ಕಚೇರಿಗೆ ಹೋಗುವುದು ವರ್ಗಾವಣೆಗೆ, ಆಸ್ಪತ್ರೆ ಖರ್ಚಿನ ಪತ್ರಕ್ಕೆ. ಮಸೂದೆಯ ಬಗ್ಗೆ ಹೇಳಲು ಯಾರೂ ಹೋಗುವುದಿಲ್ಲ. ಹೋದರೂ ಏನು ಪ್ರಯೋಜನ? ಪಕ್ಷ ವಿಪ್ ಹೊರಡಿಸಿದರೆ, 1985ರ ಪಕ್ಷಾಂತರ ನಿಷೇಧದ ಕಾನೂನಿನಡಿ ಎದುರು ಮತ ಹಾಕಿದವರ ಸದಸ್ಯತ್ವವೇ ಹೋಗಬಹುದು. ಅಮೆರಿಕದಲ್ಲಿ ಅಂಥ ಕಾನೂನಿಲ್ಲ. ಸೆನೆಟರ್ ತನ್ನ ಪಕ್ಷದ ವಿರುದ್ಧ ಮತ ಹಾಕಿ ಮರುದಿನ ಅದೇ ಕುರ್ಚಿಯಲ್ಲಿ ಕೂರಬಹುದು. ಹಾಗಾಗಿ ಒಬ್ಬೊಬ್ಬರನ್ನೂ ಒಲಿಸಬೇಕು, ಒಬ್ಬೊಬ್ಬರನ್ನೂ ಹೆದರಿಸಲೂಬಹುದು. ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕು 1791ರ ಮೊದಲ ತಿದ್ದುಪಡಿಯಲ್ಲೇ ಇದೆ. ಇದಕ್ಕೂ ಅವರಲ್ಲಿ ಬೈಬಲ್ಲಿನ ಆಧಾರವಿದೆ: ಅಧಿಕಾರಕ್ಕೆ ಅಧೀನರಾಗಿರಿ ಎಂದು ಬರೆದ ಪೌಲನೇ, ತನ್ನ ಮೇಲೆ ಅನ್ಯಾಯ ನಡೆಯುವಾಗ ರೋಮಿನ ಪೌರನಾಗಿ ಕೈಸರನಿಗೆ ಮನವಿ ಹೋಗುತ್ತೇನೆ ಎಂದವನು. ಪ್ರಜಾಪ್ರಭುತ್ವದಲ್ಲಿ ಮತದಾರನೂ ಆಳುವವರಲ್ಲಿ ಒಬ್ಬ. ಆದ್ದರಿಂದ ಸುಮ್ಮನಿರುವುದು ವಿನಯವಲ್ಲ, ಹೊಣೆಗೇಡಿತನ. ಈ ಮಾತಿಗೆ ನನ್ನದು ಪೂರ್ತಿ ಒಪ್ಪಿಗೆ.

ಫೋನು ಎತ್ತುವವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಇಂಟರ್ನ್‌ಗಳು. ಮೊದಲು ಕೇಳುವುದು ಹೆಸರು, ಝಿಪ್ ಕೋಡ್, ಅಂದರೆ ಅಲ್ಲಿನ ಪಿನ್ ಕೋಡ್. ನೀವು ಆ ಕ್ಷೇತ್ರದವರಲ್ಲದಿದ್ದರೆ ನಿಮ್ಮ ಮಾತಿಗೆ ಬೆಲೆಯಿಲ್ಲ. ಆಮೇಲೆ ಮಸೂದೆಯ ಸಂಖ್ಯೆ, ಪರವೋ ವಿರೋಧವೋ, ಅಷ್ಟೇ. ದಿನದ ಕೊನೆಗೆ ಲೆಕ್ಕ ಮೇಲಿನವರ ಕೈ ಸೇರುತ್ತದೆ. ಸಂಘಟನೆಗಳು ಕಳಿಸುವ ಒಂದೇ ಅಚ್ಚಿನ ಇಮೇಲ್‌ಗಳನ್ನು ಒಟ್ಟಿಗೆ ಕಟ್ಟಿ ಎಣಿಸುತ್ತಾರೆ. ಸ್ವಂತ ಮಾತಿನಲ್ಲಿ ಬರೆದದ್ದನ್ನು ಯಾರಾದರೂ ಓದುತ್ತಾರೆ. ಅಂಚೆಯ ಪತ್ರವಾದರೆ ಕಾಯಬೇಕು. 2001ರಲ್ಲಿ ಅಂಚೆಯ ಮೂಲಕ ನಡೆದ ಆಂಥ್ರಾಕ್ಸ್ ರೋಗಾಣು ದಾಳಿಯ ನಂತರ ಸಂಸತ್ತಿಗೆ ಬರುವ ಅಂಚೆಯನ್ನು ವಿಕಿರಣಕ್ಕೆ ಒಡ್ಡಿಯೇ ಒಳಗೆ ಬಿಡುವುದು. ಅನುಭವಸ್ಥರು ಅದಕ್ಕೇ ಪತ್ರವನ್ನು ವಾಷಿಂಗ್ಟನ್ನಿಗಲ್ಲ, ರಾಜ್ಯದಲ್ಲಿರುವ ಕಚೇರಿಗೆ ಕಳಿಸಿ ಎನ್ನುತ್ತಾರೆ. ಚರ್ಚಿಗೆ ತೆರಿಗೆ ವಿನಾಯಿತಿ ಇದೆ. 1954ರಿಂದ ಅಭ್ಯರ್ಥಿಯ ಪರ ಪ್ರಚಾರಕ್ಕೆ ಅದು ತಡೆ. ಮಸೂದೆಯ ಬಗ್ಗೆ ಮಿತಿಯೊಳಗೆ ಮಾತಾಡಲು ತಡೆಯಿಲ್ಲ.

ಈ ಲೆಕ್ಕದ ಬಲ ಎಲ್ಲರಿಗೂ ಕಂಡದ್ದು 2007ರಲ್ಲಿ. ಜಾರ್ಜ್ ಬುಷ್ ಸ್ವತಃ ಇವ್ಯಾಂಜೆಲಿಕಲರ ಅಚ್ಚುಮೆಚ್ಚಿನ ಅಧ್ಯಕ್ಷ. ಹಿಂದಿನ ವರ್ಷವಷ್ಟೇ ಸುಮಾರು 1,100 ಕಿಲೋಮೀಟರ್ ಬೇಲಿಯ ಕಾನೂನಿಗೆ ಸಹಿ ಹಾಕಿದ್ದರು. ಈಗ ಗಡಿ ಭದ್ರತೆಯ ಜೊತೆಗೆ, ದಾಖಲೆಯಿಲ್ಲದೆ ಒಳಗಿರುವವರಿಗೆ ಪೌರತ್ವದ ದಾರಿ ತೆರೆಯುವ ದೊಡ್ಡ ಮಸೂದೆಯನ್ನು ಬೆಂಬಲಿಸಿದರು. ಜನರಿಗೆ 1986 ನೆನಪಿತ್ತು. ಆ ವರ್ಷ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನಿಂದ ಸುಮಾರು 27 ಲಕ್ಷ ಜನರಿಗೆ ಕಾನೂನುಬದ್ಧ ವಾಸ ಸಿಕ್ಕಿತು; ಜೊತೆಗೆ ಬರಬೇಕಿದ್ದ ಬಿಗಿ ಕಾವಲು ಬರಲಿಲ್ಲ. ಮತ್ತೆ ಮೋಸ ಹೋಗುವುದಿಲ್ಲ ಎಂದು ರೇಡಿಯೊದವರು, ವಲಸೆ ಕಡಿಮೆಯಾಗಬೇಕೆನ್ನುವ ನಂಬರ್ಸ್‌ಯುಎಸ್‌ಎಯಂಥ ಸಂಘಟನೆಗಳು, ಚರ್ಚಿನ ಜನ ಎಲ್ಲ ಸೇರಿ ಫೋನು, ಫ್ಯಾಕ್ಸುಗಳ ಮಳೆ ಸುರಿಸಿದರು. ಜೂನ್ 28ರಂದು ಸೆನೆಟ್ಟಿನ ಫೋನು ವ್ಯವಸ್ಥೆಯೇ ಕುಸಿದುಬಿತ್ತು. ನೂರು ಸದಸ್ಯರ ಸೆನೆಟ್ಟಿನಲ್ಲಿ ಚರ್ಚೆ ಮುಗಿಸಿ ಮಸೂದೆಯನ್ನು ಅಂತಿಮ ಮತಕ್ಕೆ ಹಾಕಲು 60 ಮತ ಬೇಕು, ಬಿದ್ದದ್ದು 46.

2013ರಲ್ಲಿ ಇನ್ನೊಂದು ಮಸೂದೆ ಸೆನೆಟ್ಟಿನಲ್ಲಿ 68–32ರಿಂದ ಗೆದ್ದಿತು. ಈ ಸಲ ಅನೇಕ ಇವ್ಯಾಂಜೆಲಿಕಲ್ ನಾಯಕರು ಅದರ ಪರ ಇದ್ದರು. ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. 2014ರ ಜೂನ್‌ನಲ್ಲಿ ಆ ಸಭೆಯ ಬಹುಮತ ಪಕ್ಷದ ನಾಯಕ ಎರಿಕ್ ಕ್ಯಾಂಟರ್, ವರ್ಜೀನಿಯಾದಲ್ಲಿ ತಮ್ಮದೇ ಪಕ್ಷದ ಒಳಚುನಾವಣೆಯಲ್ಲಿ ಡೇವ್ ಬ್ರ್ಯಾಟ್ ಎಂಬ ಅರ್ಥಶಾಸ್ತ್ರದ ಮೇಷ್ಟರಿಗೆ ಸೋತರು. ಬ್ರ್ಯಾಟ್ ಪ್ರಚಾರದ ಮುಖ್ಯ ಅಸ್ತ್ರ ವಲಸೆಯ ವಿಷಯ. ಅವರು ಪ್ರಿನ್ಸ್‌ಟನ್ ಸೆಮಿನರಿಯಲ್ಲಿ ದೇವತಾಶಾಸ್ತ್ರ ಓದಿದವರು ಕೂಡ.

ನನ್ನನ್ನು ಕಾಡುವುದು ಮೂರನೆಯ ಕಥೆ. ಜೇಮ್ಸ್ ಲ್ಯಾಂಕ್‌ಫರ್ಡ್ ಒಕ್ಲಹೋಮದ ಸೆನೆಟರ್, ಟ್ರಂಪ್‌ರ ರಿಪಬ್ಲಿಕನ್ ಪಕ್ಷದವರು. ರಾಜಕೀಯಕ್ಕೆ ಬರುವ ಮೊದಲು ವರ್ಷಗಟ್ಟಲೆ ಫಾಲ್ಸ್ ಕ್ರೀಕ್ ಎಂಬ ಬ್ಯಾಪ್ಟಿಸ್ಟ್ ಯುವ ಶಿಬಿರ ನಡೆಸುತ್ತಿದ್ದವರು. ಇವರಿಗಿಂತ ಒಳಗಿನ ಮನುಷ್ಯ ಆ ಬಳಗಕ್ಕೆ ಸಿಗಲಾರ. 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ದಕ್ಷಿಣ ಗಡಿಯಲ್ಲಿ ಬಾರ್ಡರ್ ಪೆಟ್ರೋಲ್ ಎಂಬ ಗಡಿ ಕಾವಲು ಪಡೆ ಸುಮಾರು ಎರಡೂವರೆ ಲಕ್ಷ ಜನರನ್ನು ಎದುರಿಸಿತು. ಆ ಹೊತ್ತಿಗೆ ಲ್ಯಾಂಕ್‌ಫರ್ಡ್, ಎದುರಿನ ಡೆಮಾಕ್ರಟಿಕ್ ಪಕ್ಷದ ಕ್ರಿಸ್ ಮರ್ಫಿ ಮತ್ತು ಪಕ್ಷೇತರರಾದ ಕಿರ್ಸ್ಟನ್ ಸಿನೆಮಾ ಜೊತೆ ತಿಂಗಳುಗಟ್ಟಲೆ ಕುಳಿತು ಮಸೂದೆ ಬರೆಯುತ್ತಿದ್ದರು. ಅದರ ಪ್ರಕಾರ, ತಾಯ್ನಾಡಿನ ಕಿರುಕುಳಕ್ಕೆ ಹೆದರಿ ಆಶ್ರಯ ಕೋರುವವರ ಪರೀಕ್ಷೆ ಬಿಗಿಯಾಗಬೇಕು. ಗಡಿಗೆ ಬರುವವರ ಸಂಖ್ಯೆ ವಾರದ ಸರಾಸರಿಯಲ್ಲಿ ದಿನಕ್ಕೆ 5,000 ತಲುಪಿದರೆ ಗಡಿ ದಾಟಿದವರನ್ನು ಕಡ್ಡಾಯವಾಗಿ ಹಿಂದಕ್ಕೆ ಕಳಿಸಬೇಕು. ಬಾರ್ಡರ್ ಪೆಟ್ರೋಲ್ ಸಿಬ್ಬಂದಿಯ ಸಂಘವೇ ಬೆಂಬಲಿಸಿತು. ಆದರೆ 2024ರ ಫೆಬ್ರುವರಿ 4ರಂದು 370 ಪುಟ ಹೊರಬೀಳುವ ಮುಂಚೆಯೇ "ದಿನಕ್ಕೆ 5,000 ಜನರನ್ನು ಒಳಗೆ ಬಿಡುತ್ತಾರಂತೆ" ಎಂಬ ಮಾತು ಊರೆಲ್ಲ ಹಬ್ಬಿತ್ತು. ಟ್ರಂಪ್ ಬೇಡವೆಂದರು. ಪ್ರತಿನಿಧಿ ಸಭೆಯ ಸ್ಪೀಕರ್ ಮೈಕ್ ಜಾನ್ಸನ್, ಇವರೂ ಸದರ್ನ್ ಬ್ಯಾಪ್ಟಿಸ್ಟರೇ, ಇಲ್ಲಿಗೆ ಬರುವಾಗಲೇ ಅದು ಹೆಣ ಎಂದರು. ಚುನಾವಣೆಯ ವರ್ಷದಲ್ಲಿ ಗಡಿಯ ಸಮಸ್ಯೆ ಬಗೆಹರಿಸಲು ಹೊರಟರೆ ನಿನ್ನನ್ನು ನಾಶ ಮಾಡುತ್ತೇನೆ ಎಂದು ಹೆಸರಾಂತ ಮಾಧ್ಯಮ ವ್ಯಾಖ್ಯಾನಕಾರರೊಬ್ಬರು ತಮಗೆ ಹೇಳಿದ್ದನ್ನು ಲ್ಯಾಂಕ್‌ಫರ್ಡ್ ಸೆನೆಟ್ಟಿನಲ್ಲೇ ಬಿಚ್ಚಿಟ್ಟರು. ಮೂರೇ ದಿನಕ್ಕೆ 49–50ರಿಂದ ಮಸೂದೆ ಬಿತ್ತು. ಅವರ ಪಕ್ಷದಿಂದ ಪರವಾಗಿ ಬಂದದ್ದು, ಅವರನ್ನೂ ಸೇರಿಸಿ, ನಾಲ್ಕು ಮತ. ಮೇ ತಿಂಗಳಲ್ಲಿ ಡೆಮಾಕ್ರಟರು ಅದನ್ನೇ ಮತ್ತೆ ತಂದಾಗ, ಇದು ಬರೀ ಚುನಾವಣೆಯ ಆಟ ಎಂದು ಲ್ಯಾಂಕ್‌ಫರ್ಡ್ ತಾವೇ ಬರೆದ ಮಸೂದೆಯ ವಿರುದ್ಧ ಮತ ಹಾಕಿದರು.

ನನ್ನ ದೂರು ಇಲ್ಲೇ. ಇಂಟರ್ನ್ ಮುಂದಿರುವ ಹಾಳೆಯಲ್ಲಿ ಎರಡೇ ಕಂಬ, ಪರ ಮತ್ತು ವಿರೋಧ. ವಿರೋಧಕ್ಕೆ ಒಂದು ವಾಕ್ಯ ಸಾಕು. "ಆಶ್ರಯದ ಮೊದಲ ಸಂದರ್ಶನದ ಮಾನದಂಡ ಬಿಗಿಯಾಗಲಿ, ಆದರೆ ಆ ಕಲಂ ತೆಗೆದುಹಾಕಿ" ಎನ್ನಲು ಆ ಹಾಳೆಯಲ್ಲಿ ಜಾಗವಿಲ್ಲ. ಫೋನು ಮಸೂದೆಯನ್ನು ಕೊಲ್ಲಬಲ್ಲದು, ಬರೆಯಲಾರದು. ಗಡಿ ಬಿಗಿಯಾಗಲಿ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಪ್ರಾರ್ಥಿಸಿದವರೇ, ಗಡಿ ಬಿಗಿ ಮಾಡುವ ಕಲಂಗಳೂ ಇದ್ದ ಮಸೂದೆಗಳನ್ನು ಒಂದಾದ ಮೇಲೊಂದರಂತೆ ಬೀಳಿಸಿದರು. ಕೆಲವಕ್ಕೆ ಬೀಳುವ ಯೋಗ್ಯತೆ ಇತ್ತೆಂದು ವಾದಿಸಬಹುದು, 2007ರದ್ದಕ್ಕಂತೂ. 2024ರದ್ದಕ್ಕೆ ಆ ವಾದ ನನಗೆ ಒಪ್ಪಿಗೆಯಾಗಿಲ್ಲ.

ಇದು ನಮ್ಮವರಿಗೆ ಸಂಬಂಧವಿಲ್ಲದ ಕಥೆಯೂ ಅಲ್ಲ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್‌ನಲ್ಲಿ, ಅಂದರೆ ಕಾಯಂ ವಾಸದ ಪರವಾನಗಿಯಲ್ಲಿ, ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಟೆಕ್ಸಸ್, ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರೂ ದಶಕಗಳ ಸರದಿಯಲ್ಲಿದ್ದಾರೆ. 2013ರ ಮಸೂದೆಯಲ್ಲಿ ಆ ಮಿತಿ ತೆಗೆಯುವ ಕಲಂ ಇತ್ತು. ಗಡಿಯ ಜಗಳದಲ್ಲಿ ಅದೂ ಕೊಚ್ಚಿಹೋಯಿತು. ಆಮೇಲೆ ಭಾರತೀಯರೂ ಅದೇ ಫೋನಿನ ವಿದ್ಯೆ ಕಲಿತರು. 2019ರ ಜುಲೈನಲ್ಲಿ ಮಿತಿ ತೆಗೆಯುವ ಪ್ರತ್ಯೇಕ ಮಸೂದೆ ಪ್ರತಿನಿಧಿ ಸಭೆಯಲ್ಲಿ 365–65ರಿಂದ ಗೆದ್ದಿತು. ಸೆನೆಟ್ಟಿನಲ್ಲಿ ಅದನ್ನು ಹೊತ್ತು ನಡೆದವರು ಯೂಟಾದ ಕಟ್ಟಾ ಸಂಪ್ರದಾಯವಾದಿ ಮೈಕ್ ಲೀ. 2020ರ ಡಿಸೆಂಬರ್‌ನಲ್ಲಿ ಅಲ್ಲೂ ಬೇರೊಂದು ರೂಪದಲ್ಲಿ ಪಾಸಾಯಿತು. ಎರಡು ರೂಪಗಳನ್ನು ಹೊಂದಿಸುವ ಮೊದಲು ಸಂಸತ್ತಿನ ಅವಧಿಯೇ ಮುಗಿಯಿತು.

2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಬಜೆಟ್ ಕಾನೂನಿನಲ್ಲಿ ಗೋಡೆಗೆ 4,650 ಕೋಟಿ ಡಾಲರ್ ಇದೆ. ಹಣದ ಮಸೂದೆಯ ವಿಶೇಷ ದಾರಿಯಲ್ಲಿ ಬಂದದ್ದರಿಂದ 60 ಮತ ಬೇಕಾಗಲಿಲ್ಲ. ಸೆನೆಟ್ಟಿನಲ್ಲಿ 50–50 ಆದಾಗ, ಸಮಬಲ ಮುರಿಯುವ ಹಕ್ಕಿರುವ ಉಪಾಧ್ಯಕ್ಷ ವ್ಯಾನ್ಸ್ ಮತವೇ ಸಾಕಾಯಿತು. ಆದರೆ ಆ ದಾರಿಯಲ್ಲಿ ಹಣ ಕೊಡಬಹುದು, ಶುಲ್ಕ ಏರಿಸಬಹುದು. ಆಶ್ರಯದ ಕಾನೂನನ್ನು ಬುಡದಿಂದ ತಿದ್ದಿ ಬರೆಯುವುದು ಕಷ್ಟ. 1980ರಲ್ಲಿ ಅಧ್ಯಕ್ಷ ಕಾರ್ಟರ್ ಕಾಲದಲ್ಲಿ ಹಾಕಿದ ಚೌಕಟ್ಟೇ ಇಂದಿಗೂ ಇದೆ. ಈಗ ಗಡಿ ಶಾಂತವಾಗಿರುವುದು ಬಹುಪಾಲು ಅಧ್ಯಕ್ಷರ ಆದೇಶಗಳಿಂದ. ಮುಂದೆ ಬರುವವರು ಒಂದು ಮಧ್ಯಾಹ್ನ ಕುಳಿತು ಅವನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಆಗ ಮತ್ತೆ ಮಸೂದೆ ಬೇಕಾಗುತ್ತದೆ, ಮತ್ತೆ 60 ಮತ ಬೇಕಾಗುತ್ತವೆ, ಅಂದರೆ ಎದುರು ಪಕ್ಷದವರೊಡನೆ ಕುಳಿತು ಬರೆಯುವ ಇನ್ನೊಬ್ಬ ಲ್ಯಾಂಕ್‌ಫರ್ಡ್ ಬೇಕಾಗುತ್ತಾರೆ. ಅವರಿಗೆ ಆದದ್ದನ್ನು ನೋಡಿದ ಮೇಲೆ ಆ ಕೆಲಸಕ್ಕೆ ಯಾರು ಮುಂದೆ ಬರುತ್ತಾರೋ ನಾನು ಹೇಳಲಾರೆ.

ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.